ಪಿಎಂಪಿ ಓದು: ಕ್ರಿಟಿಕಲ್ ಪಾತ್, ಫ್ಲೋಟ್, ಅರ್ನ್ಡ್ ವ್ಯಾಲ್ಯೂ ಬಾಯಿಗೆ ಬರುತ್ತವೆ, ಲೆಕ್ಕಕ್ಕೆ ಬರುತ್ತಿಲ್ಲ

ಪ್ರಶ್ನೆ (ಶಿರಸಿಯಿಂದ)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲೂಕಿನ ಒಂದು ಹಳ್ಳಿಯವಳು. ಎಂಜಿನಿಯರಿಂಗ್ ಮುಗಿಸಿ ಆರು ವರ್ಷವಾಯಿತು. ಅದರಲ್ಲಿ ಕೊನೆಯ ಮೂರೂವರೆ ವರ್ಷಗಳಿಂದ ಒಂದು ಸಾಫ್ಟ್‌ವೇರ್ ತಂಡದ ಪ್ರಾಜೆಕ್ಟ್‌ಗಳನ್ನು ಮುನ್ನಡೆಸುವ ಹೊಣೆ ನನ್ನ ಮೇಲಿದೆ. ಈಗ ಮನೆಯಿಂದಲೇ ಕೆಲಸ ಮಾಡುತ್ತಿರುವುದರಿಂದ ಬೆಳಗಿನ ಹೊತ್ತು ಓದಿಗೆ ಸಿಗುತ್ತದೆ. ಪ್ರಾಜೆಕ್ಟ್ ನಿರ್ವಹಣೆಯ ಅರ್ಹತಾಪತ್ರವಾದ ಪಿಎಂಪಿಯ ಪರೀಕ್ಷೆಗೆ ಮೂರು ತಿಂಗಳಿಂದ ತಯಾರಿ ನಡೆಸಿದ್ದೇನೆ. ಕಡ್ಡಾಯವಾದ 35 ಗಂಟೆಗಳ ತರಬೇತಿಯನ್ನು ಆನ್‌ಲೈನಿನಲ್ಲಿ ಒಂದು ಸಂಸ್ಥೆಯಿಂದ ಪಡೆದೆ. ಅಲ್ಲಿ ಸೂತ್ರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟು, ಇದನ್ನು ಬಾಯಿಪಾಠ ಮಾಡಿದರೆ ಸಾಕು ಎಂದರು. ಮಾಡಿದೆ. ಆದರೆ ಮಾದರಿ ಪರೀಕ್ಷೆಯಲ್ಲಿ ಪ್ರಶ್ನೆಯ ಮಾತು ಸ್ವಲ್ಪ ತಿರುಗಿದರೂ ಯಾವ ಸೂತ್ರ ಹಾಕಬೇಕೆಂದು ತಿಳಿಯದೆ ಕೈ ನಿಂತುಹೋಗುತ್ತದೆ.

ನನ್ನ ತೊಡಕು ಮುಖ್ಯವಾಗಿ ಎರಡು. ಮೊದಲನೆಯದು, ಕ್ರಿಟಿಕಲ್ ಪಾತ್ ಮತ್ತು ಫ್ಲೋಟ್. ಒಂದಾದ ಮೇಲೊಂದು ಮಾಡಬೇಕಾದ ಕೆಲಸಗಳ ಸರಣಿಗಳಲ್ಲಿ ಅತಿ ಉದ್ದದ ದಾರಿಯೇ ಕ್ರಿಟಿಕಲ್ ಪಾತ್ ಎಂದು ಓದುತ್ತೇನೆ. ಹಾಗಿದ್ದ ಮೇಲೆ ಅದನ್ನೇ ಪ್ರಾಜೆಕ್ಟ್ ಮುಗಿಯಲು ಬೇಕಾದ ಕನಿಷ್ಠ ಅವಧಿ ಎಂದು ಏಕೆ ಕರೆಯುತ್ತಾರೆ ಎಂಬಲ್ಲಿಗೆ ಬಂದು ಸಿಕ್ಕಿಕೊಳ್ಳುತ್ತೇನೆ. ಎರಡನೆಯದು, ಅರ್ನ್ಡ್ ವ್ಯಾಲ್ಯೂ. ಖರ್ಚಾದ ಹಣ ಗೊತ್ತು, ಖರ್ಚಾಗಬೇಕಿದ್ದ ಹಣ ಗೊತ್ತು. ಇವೆರಡರ ನಡುವೆ ಮೂರನೆಯ ಅಂಕಿಯೊಂದು ಏಕೆ ಬೇಕು? ಇದಲ್ಲದೆ, ಈ ಪರೀಕ್ಷೆ ನಡೆಸುವ ಪಿಎಂಐ ಸಂಸ್ಥೆಯ ಕೈಪಿಡಿಯಾದ ಪಿಎಂಬಾಕ್ ಗೈಡ್‌ನ ಆರನೆಯ ಆವೃತ್ತಿಯ 49 ಪ್ರಕ್ರಿಯೆಗಳನ್ನು ಬಾಯಿಪಾಠ ಮಾಡಬೇಕೇ ಅಥವಾ ಏಳನೆಯ ಆವೃತ್ತಿಯ ತತ್ತ್ವಗಳನ್ನು ಹಿಡಿದರೆ ಸಾಕೇ ಎಂಬುದನ್ನೂ ಅನುಭವಸ್ಥರು ತಿಳಿಸಬೇಕಾಗಿ ವಿನಂತಿ. ಕನ್ನಡದಲ್ಲಿ ಯೋಚಿಸಿದರೆ ನನಗೆ ಬೇಗ ಅರ್ಥವಾಗುತ್ತದೆ, ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ಉತ್ತರ (ಕಾರವಾರದಿಂದ)

ತಂಗಿ, ನಾನು ಸಿವಿಲ್ ಎಂಜಿನಿಯರ್. ಸೇತುವೆ, ಧಕ್ಕೆ, ರಸ್ತೆ ಎಂದು ಈ ಕರಾವಳಿಯಲ್ಲೇ ಮೂವತ್ತು ವರ್ಷ ಕಳೆದು ಈಗ ನಿವೃತ್ತನಾಗಿದ್ದೇನೆ. ನಡುವೆ ಪಿಎಂಪಿಯನ್ನೂ ಮುಗಿಸಿದ್ದೆ. ನಿಮ್ಮ ಎರಡು ತೊಡಕುಗಳೂ ನನಗೂ ಇದ್ದವು. ಸೂತ್ರದ ಹಾಳೆಯನ್ನು ಕೆಲವು ದಿನ ಪೆಟ್ಟಿಗೆಯಲ್ಲಿಡಿ. ಕಣ್ಣೆದುರು ನಡೆದ ಒಂದು ಕೆಲಸವನ್ನು ತೆಗೆದುಕೊಂಡು ಲೆಕ್ಕ ಹಾಕೋಣ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಹಳೆಯ ಮನೆಯ ಮಾಡು (ಛಾವಣಿ) ಬಿಚ್ಚಿ ಕಟ್ಟಿಸಿದೆ. ಕೊಳೆತ ಪಕಾಸು ಮತ್ತು ರೀಪುಗಳಿಗೆ ಬದಲು ಹೊಸ ಮರವನ್ನು ಸಾಮಿಲ್ಲಿನಲ್ಲಿ ಕೊಯ್ಯಿಸಿ ತರಲು 5 ದಿನ. ಹಳೆಯ ಹಂಚು ಇಳಿಸಲು 2 ದಿನ. ಇವೆರಡೂ ಆದ ಮೇಲೆ ಬಡಗಿಯ ಕೆಲಸ 6 ದಿನ. ಹೊಸ ಹಂಚು ಬರಲು, ಹೇಳಿದ ದಿನದಿಂದ 7 ದಿನ. ಬಡಗಿಯ ಕೆಲಸ ಮುಗಿದು ಹಂಚೂ ಬಂದಮೇಲೆ ಹೊದಿಸಲು 3 ದಿನ, ಕೊನೆಗೆ ನೀರು ಹರಿಯುವ ತಗಡು ಕಟ್ಟಲು 1 ದಿನ. ಮರ, ಹಂಚು ಇಳಿಸುವುದು, ಹೊಸ ಹಂಚು ತರಿಸುವುದು, ಈ ಮೂರನ್ನೂ ಒಂದೇ ದಿನ ಆರಂಭಿಸಬಹುದು.

ಈಗ ದಾರಿಗಳನ್ನು ಕೂಡಿಸಿ. ಮರದಿಂದ ಹೊರಟ ದಾರಿ 5, 6, 3, 1 ಸೇರಿ 15 ದಿನ. ಹಂಚು ಇಳಿಸುವಲ್ಲಿಂದ ಹೊರಟ ದಾರಿ 2, 6, 3, 1 ಸೇರಿ 12 ದಿನ. ಹೊಸ ಹಂಚಿನ ದಾರಿ 7, 3, 1 ಸೇರಿ 11 ದಿನ. ಮೂರೂ ದಾರಿಗಳು ಮುಗಿದಾಗಲೇ ಮನೆ ಮುಗಿಯುವುದು. ಆದ್ದರಿಂದ ಅತಿ ಉದ್ದದ ದಾರಿಗಿಂತ ಮುಂಚೆ ಕೆಲಸ ಮುಗಿಯಲು ಸಾಧ್ಯವೇ ಇಲ್ಲ. ಅತಿ ಉದ್ದದ ದಾರಿಯೇ ಕನಿಷ್ಠ ಅವಧಿಯಾಗುವುದು ಹೀಗೆ. ಮದುವೆಗೆ ಹೊರಟ ಮೂರು ಗಾಡಿಗಳಲ್ಲಿ ಕೊನೆಯದು ತಲುಪದೆ ದಿಬ್ಬಣ ಎದುರುಗೊಳ್ಳುವುದಿಲ್ಲವಲ್ಲ, ಹಾಗೆ.

ಇದರಿಂದ ನನಗೇ ಹೊಳೆದ ಒಂದು ಸಂಗತಿಯನ್ನು ಹೇಳಬೇಕು. ಮನೆಮಂದಿಯೆಲ್ಲ ಹಂಚು ಇಳಿಸುವ ದಿನವನ್ನೇ ಕೆಲಸದ ಆರಂಭ ಎಂದು ಎಣಿಸುತ್ತಿದ್ದರು, ಏಕೆಂದರೆ ಕಣ್ಣಿಗೆ ಬೀಳುವುದು ಅದು. ನಿಜವಾದ ಆರಂಭ ಸಾಮಿಲ್ಲಿಗೆ ದಿಮ್ಮಿ ಹೋದ ದಿನ. ಹಂಚು ಇಳಿಸುವುದನ್ನು 3 ದಿನ ತಡಮಾಡಿದರೂ ಮನೆ 15ನೆಯ ದಿನಕ್ಕೇ ಮುಗಿಯುತ್ತದೆ. ಆ 3 ದಿನವೇ ಅದರ ಫ್ಲೋಟ್. ನಾವು ಅದನ್ನು ಬೇಕೆಂದೇ ಬಳಸಿಕೊಂಡೆವು, ಮಾಡು ಇಲ್ಲದ ಮನೆಯಲ್ಲಿ ಮಲಗುವ ರಾತ್ರಿಗಳು ಅಷ್ಟು ಕಡಿಮೆಯಾದವು. ಹೊಸ ಹಂಚಿಗೆ ಫ್ಲೋಟ್ 4 ದಿನ. ಅದೇ ಹಂಚು 6 ದಿನ ತಡವಾಗಿದ್ದರೆ ಆ ದಾರಿ 17 ದಿನವಾಗಿ, ಕ್ರಿಟಿಕಲ್ ಪಾತ್ ಅಲ್ಲಿಗೆ ಹೊರಳುತ್ತಿತ್ತು. ಕ್ರಿಟಿಕಲ್ ಪಾತ್ ಒಮ್ಮೆ ಗುರುತಿಸಿ ಗೋಡೆಗೆ ಅಂಟಿಸಿಡುವ ವಸ್ತುವಲ್ಲ.

ಅವಧಿ ಕುಗ್ಗಿಸುವ ಪ್ರಶ್ನೆಗಳೂ ಇಲ್ಲಿಯೇ ಬಿಡಿಸಿಕೊಳ್ಳುತ್ತವೆ. ಹಣ ಕೊಟ್ಟು ಇನ್ನೊಬ್ಬ ಬಡಗಿಯನ್ನು ಕರೆದು 6 ದಿನವನ್ನು 4ಕ್ಕೆ ಇಳಿಸಿದರೆ ಅದು ಕ್ರ್ಯಾಶಿಂಗ್. ಒಂದು ಬದಿಯ ಪಕಾಸು ಕೂತೊಡನೆ ಇನ್ನೊಂದು ಬದಿ ಮುಗಿಯುವುದನ್ನು ಕಾಯದೆ ಹಂಚು ಹೊದಿಸತೊಡಗಿದರೆ ಅದು ಫಾಸ್ಟ್ ಟ್ರ್ಯಾಕಿಂಗ್. ಮೊದಲನೆಯದರಲ್ಲಿ ಖರ್ಚು ಏರುತ್ತದೆ, ಎರಡನೆಯದರಲ್ಲಿ ಕೆಲಸ ಕೆಟ್ಟು ಮತ್ತೆ ಮಾಡುವ ಭಯ ಏರುತ್ತದೆ. ಮರವನ್ನೂ 3 ದಿನದಲ್ಲಿ ತರಿಸಿದಿರಿ ಎನ್ನಿ, ಆಗ ಮರದ ದಾರಿ 11 ದಿನಕ್ಕೆ ಇಳಿದು ಹೊಸ ಹಂಚಿನ ದಾರಿಗೆ ಸಮವಾಗುತ್ತದೆ. ಅಲ್ಲಿಂದ ಮುಂದೆ ಬಡಗಿಗೆ ಮಾತ್ರ ಎಷ್ಟು ಹಣ ಸುರಿದರೂ ಒಂದು ದಿನವೂ ಉಳಿಯುವುದಿಲ್ಲ, ಏಕೆಂದರೆ ಕ್ರಿಟಿಕಲ್ ಪಾತ್ ಎರಡಾಗಿರುತ್ತದೆ.

ಮೂರು ಅಂದಾಜಿನ ಸೂತ್ರವನ್ನೂ ಇಲ್ಲೇ ನೋಡಿಬಿಡಿ. ಸಾಮಿಲ್ಲಿನವರು ಸಾಮಾನ್ಯವಾಗಿ 5 ದಿನ, ಎಲ್ಲ ಸರಿಹೋದರೆ 4, ಕರೆಂಟು ಕೈಕೊಟ್ಟರೆ 12 ಎಂದರು. ನಡುವಿನ ಅಂಕಿಯನ್ನು ನಾಲ್ಕು ಪಟ್ಟು ಮಾಡಿ ಉಳಿದೆರಡನ್ನು ಸೇರಿಸಿದರೆ 36. 6ರಿಂದ ಭಾಗಿಸಿದರೆ 6 ದಿನ. ಅಂದರೆ ನಮ್ಮ 15 ದಿನದ ಲೆಕ್ಕವನ್ನು 16 ಎಂದು ಹೇಳುವುದೇ ಪ್ರಾಮಾಣಿಕ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕಾಗಿ ರೂಪಿಸಿದ ಪರ್ಟ್ ವಿಧಾನ ಇದು.

ದೊಡ್ಡ ಕೆಲಸಕ್ಕೂ ಇದೇ ಲೆಕ್ಕ. ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದದ್ದು 1990ರಲ್ಲಿ. ಮಂಗಳೂರು-ಉಡುಪಿ ನಡುವಿನ ತುಂಡು 1993ರಲ್ಲಿಯೇ ಸಂಚಾರಕ್ಕೆ ತೆರೆಯಿತು. ಪೂರ್ಣ ಮಾರ್ಗ ತೆರೆದದ್ದು 1998ರ ಜನವರಿ 26ರಂದು. ಹೊನ್ನಾವರದ ಶರಾವತಿಯ ಮೇಲೆ 2 ಕಿಲೋಮೀಟರಿಗೂ ಉದ್ದದ, ಆ ಮಾರ್ಗದಲ್ಲೇ ಅತಿ ಉದ್ದದ ಸೇತುವೆ ಎದ್ದು ನಿಂತಿತು. ಆದರೂ ಕೊನೆಯವರೆಗೆ ಎಂಜಿನಿಯರುಗಳನ್ನು ಕಾಡಿದ್ದು ಗೋವಾದ ಪೆರ್ನೆಂನಂಥ ಮೆದುಮಣ್ಣಿನ ಸುರಂಗಗಳು, ಅಗೆದಷ್ಟೂ ಮಣ್ಣು ಕುಸಿಯುತ್ತಿತ್ತು. ನೋಡಲು ದೊಡ್ಡದಾದ ಕೆಲಸವೇ ಕ್ರಿಟಿಕಲ್ ಆಗಬೇಕೆಂದಿಲ್ಲ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಉದಾಹರಣೆ ಕೊಟ್ಟು ತಿಳಿಸಬೇಕಾಗಿಲ್ಲ.

ಇನ್ನು ಅರ್ನ್ಡ್ ವ್ಯಾಲ್ಯೂ. 100 ಮೀಟರ್ ಉದ್ದದ ಚಿರೆಕಲ್ಲಿನ ಪಾಗಾರ (ಆವರಣದ ಗೋಡೆ) ಎಂದುಕೊಳ್ಳಿ. ಮೀಟರಿಗೆ 2,000 ರೂಪಾಯಿಯಂತೆ ಒಟ್ಟು 2 ಲಕ್ಷ. ದಿನಕ್ಕೆ 10 ಮೀಟರಿನಂತೆ 10 ದಿನದ ಕೆಲಸ. ಐದನೆಯ ದಿನದ ಸಂಜೆ ಲೆಕ್ಕದ ಪುಸ್ತಕ ತೆರೆದರೆ, ಖರ್ಚಾಗಬೇಕಿದ್ದದ್ದು 1 ಲಕ್ಷ, ಖರ್ಚಾದದ್ದೂ 1 ಲಕ್ಷ. ಪುಸ್ತಕ ನೋಡಿದವರು ಎಲ್ಲ ಸರಿಯಾಗಿದೆ ಎಂದು ನೆಮ್ಮದಿಯಿಂದ ಮಲಗುತ್ತಾರೆ. ಪಾಗಾರದ ಉದ್ದಕ್ಕೆ ನಡೆದು ಅಳೆದವನಿಗೆ ಮಾತ್ರ ಎದ್ದಿರುವುದು 40 ಮೀಟರ್ ಎಂದು ತಿಳಿಯುತ್ತದೆ. ಆ 40 ಮೀಟರಿನ ಒಪ್ಪಿದ ಬೆಲೆ 80,000 ರೂಪಾಯಿ. ಅದೇ ಅರ್ನ್ಡ್ ವ್ಯಾಲ್ಯೂ. ನೀವು ಕೇಳಿದ ಮೂರನೆಯ ಅಂಕಿ ಇದು, ಹೋಗಿ ಅಳೆದು ತಂದ ಅಂಕಿ. ಅದನ್ನು ಖರ್ಚಿನಿಂದ ಭಾಗಿಸಿದರೆ ಸಿಪಿಐ, ಆ ದಿನಕ್ಕೆ ಆಗಬೇಕಿದ್ದ ಕೆಲಸದ ಬೆಲೆಯಿಂದ ಭಾಗಿಸಿದರೆ ಎಸ್‌ಪಿಐ. ಮೊದಲನೆಯದು ಖರ್ಚಿನ ಸೂಚ್ಯಂಕ, ಎರಡನೆಯದು ವೇಳಾಪಟ್ಟಿಯ ಸೂಚ್ಯಂಕ. ಇಲ್ಲಿ ಎರಡೂ 0.8. ನೂರು ರೂಪಾಯಿ ಕೊಟ್ಟು ಎಂಬತ್ತು ರೂಪಾಯಿಯ ಕೆಲಸ ಪಡೆದಿದ್ದೇವೆ.

ಪರೀಕ್ಷೆಯಲ್ಲಿ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಇದೇ ಗತಿ ಕೊನೆಯವರೆಗೂ ಇರುತ್ತದೆ ಎಂದರೆ 2 ಲಕ್ಷವನ್ನು 0.8ರಿಂದ ಭಾಗಿಸಿ, ಮುಗಿಯುವಾಗಿನ ಖರ್ಚು 2,50,000. ಆದರೆ ಪಾಯದಲ್ಲಿ ಬಂಡೆ ಸಿಕ್ಕಿ ಮೊದಲೆರಡು ದಿನ ಮಾತ್ರ ತೊಂದರೆಯಾಯಿತು, ಮುಂದೆ ನೆಲ ಮೆದುವಾಗಿದೆ ಎಂದು ಪ್ರಶ್ನೆ ಹೇಳಿದರೆ, ಈಗಾಗಲೇ ಆದ 1 ಲಕ್ಷಕ್ಕೆ ಉಳಿದ 60 ಮೀಟರಿನ 1,20,000 ಸೇರಿಸಿ 2,20,000. ಯಾವ ಸೂತ್ರ ಎಂಬುದನ್ನು ತೀರ್ಮಾನಿಸುವುದು ಪ್ರಶ್ನೆಯಲ್ಲಿರುವ ಬಂಡೆ. ಮೊದಲಿನ 2 ಲಕ್ಷದಲ್ಲೇ ಮುಗಿಸಬೇಕೆಂದು ಯಜಮಾನರು ಹಟ ಹಿಡಿದರೆ, ಕೈಯಲ್ಲಿ ಉಳಿದ 1 ಲಕ್ಷದಲ್ಲಿ 1,20,000ದ ಕೆಲಸ ತೆಗೆಯಬೇಕು, ಅಂದರೆ 1.2ರ ಗತಿ, ಟಿಸಿಪಿಐ ಎಂದರೆ ಅದೇ. ಇನ್ನೊಂದು ಮಾತು: ಪಾಗಾರ ಹದಿಮೂರನೆಯ ದಿನಕ್ಕೆ ಮುಗಿದರೂ ಆ ದಿನ ಎಸ್‌ಪಿಐ 1 ಎಂದೇ ತೋರಿಸುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ 2 ಲಕ್ಷದ ಕೆಲಸವೂ ಆಗಿರುತ್ತದೆ. ತಡವಾದದ್ದನ್ನು ಎಸ್‌ಪಿಐ ಕೊನೆಗೆ ಮರೆತುಬಿಡುತ್ತದೆ. ಹೀಗಾಗಿ ಕ್ರಿಟಿಕಲ್ ಪಾತ್ ಬಿಟ್ಟು ಎಸ್‌ಪಿಐ ಒಂದನ್ನೇ ನಂಬಬಾರದು.

ಉತ್ತರ (ಕುಮಟಾದಿಂದ)

ಕಾರವಾರದ ಹಿರಿಯರು ಲೆಕ್ಕದ ಭಾಗವನ್ನು ಬಿಡಿಸಿ ಹೇಳಿದ್ದಾರೆ. ನಾನು ಪುಸ್ತಕ ಮತ್ತು ಪರೀಕ್ಷೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಎರಡು ವರ್ಷದ ಹಿಂದೆ ನಾನು ಪಾಸಾದಾಗ 2021ರ ಜನವರಿಯಲ್ಲಿ ಜಾರಿಗೆ ಬಂದ ರೂಪರೇಖೆ ಇತ್ತು: 230 ನಿಮಿಷ, 180 ಪ್ರಶ್ನೆ, ನಡುವೆ ಹತ್ತು ನಿಮಿಷದ ಎರಡು ವಿರಾಮ. ಅದರಲ್ಲಿ ಜನರನ್ನು ಮುನ್ನಡೆಸುವುದಕ್ಕೆ ಶೇ. 42, ಪ್ರಕ್ರಿಯೆಗೆ ಶೇ. 50, ವ್ಯವಹಾರದ ಪರಿಸರಕ್ಕೆ ಶೇ. 8 ಪಾಲು. ಪಿಎಂಐ ಈ ರೂಪರೇಖೆಯನ್ನು ಆಗಾಗ ಬದಲಿಸುವುದರಿಂದ, ನಿಮ್ಮ ಪರೀಕ್ಷೆಯ ದಿನಾಂಕಕ್ಕೆ ಯಾವುದು ಅನ್ವಯಿಸುತ್ತದೆ ಎಂಬುದನ್ನು ಅವರ ಜಾಲತಾಣದಲ್ಲಿ ನೋಡಿಕೊಂಡೇ ಶುಲ್ಕ ಕಟ್ಟಿ. ನಾಲ್ಕು ವರ್ಷದ ಪದವಿ ಇದ್ದವರಿಗೆ 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಬೇಕು, ನಿಮಗೆ ಅದು ಇದೆ. ಅನುಭವ ಇಲ್ಲದೆ ಇದನ್ನು ಓದುತ್ತಿರುವ ವಿದ್ಯಾರ್ಥಿಗಳು 23 ಗಂಟೆಗಳ ತರಬೇತಿ ಪಡೆದು ಪಿಎಂಐಯದೇ ಆರಂಭದ ಹಂತದ ಪರೀಕ್ಷೆಯಾದ ಸಿಎಪಿಎಂ ಬರೆಯಬಹುದು. ಅಲ್ಲಿ 150 ಪ್ರಶ್ನೆ, 3 ಗಂಟೆ.

2017ರ ಆರನೆಯ ಆವೃತ್ತಿಯ 49 ಪ್ರಕ್ರಿಯೆಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ, ಆದರೆ ಬಿಡಲೂ ಬೇಡಿ. ಯಾವುದರಿಂದ ಯಾವುದು ಹುಟ್ಟುತ್ತದೆ ಎಂಬ ಸಂಬಂಧ ಅದರಲ್ಲಿ ಸ್ಪಷ್ಟವಾಗಿದೆ. 2021ರ ಏಳನೆಯ ಆವೃತ್ತಿ 12 ತತ್ತ್ವ ಮತ್ತು 8 ಕಾರ್ಯಕ್ಷೇತ್ರಗಳ ಮೂಲಕ ಏಕೆ ಹಾಗೆ ಮಾಡಬೇಕು ಎಂದು ಹೇಳುತ್ತದೆ. ನಾನು ಆರನೆಯದನ್ನು ಮೊದಲು ಓದಿ ಏಳನೆಯದಕ್ಕೆ ಬಂದೆ, ಅದರಿಂದ ಅನುಕೂಲವೇ ಆಯಿತು.

ಕನ್ನಡದಲ್ಲಿ ಯೋಚಿಸುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ನಾನು ಇದರಲ್ಲಿ ಅಂಕ ಕಳೆದುಕೊಂಡಿದ್ದೇನೆ. ನಮ್ಮಲ್ಲಿ 'ಯೋಜನೆ' ಎಂಬ ಒಂದೇ ಶಬ್ದ ಪ್ರಾಜೆಕ್ಟಿಗೂ ಪ್ಲಾನಿಗೂ ಸ್ಕೀಮಿಗೂ ಸಲ್ಲುತ್ತದೆ. ಟಿಪ್ಪಣಿ ಬರೆಯುವಾಗ ಪ್ರಾಜೆಕ್ಟ್ ಎಂಬುದನ್ನು ಹಾಗೆಯೇ ಇಟ್ಟುಕೊಳ್ಳಿ. ರಿಸ್ಕ್ ಎಂಬುದನ್ನು 'ಅಪಾಯ' ಎಂದು ಬರೆದರೆ ಅರ್ಧ ಅರ್ಥ ಹೊರಗುಳಿಯುತ್ತದೆ, ಪಿಎಂಐ ಪ್ರಕಾರ ಒಳ್ಳೆಯ ಅವಕಾಶವೂ ರಿಸ್ಕ್ ಆಗಬಹುದು. ಗುಣಮಟ್ಟ ಮತ್ತು ದರ್ಜೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಶಿರಸಿಯವರಾದ ನಿಮಗೆ ಇದು ಸುಲಭ: ಕೆಂಪುಗೋಟು ಕೆಳಗಿನ ದರ್ಜೆಯ ಅಡಿಕೆ, ಅದನ್ನೇ ಕೇಳಿ ಕೊಳ್ಳುವವರಿಗೆ ಅದು ತೊಂದರೆಯಲ್ಲ, ಯಾವ ದರ್ಜೆಯದಾದರೂ ಬೂಸಲು ಹಿಡಿದಿದ್ದರೆ ಅದು ಗುಣಮಟ್ಟದ ದೋಷ, ಯಾವಾಗಲೂ ತೊಂದರೆಯೇ.

'ಮ್ಯಾನೇಜರ್ ಮೊದಲು ಏನು ಮಾಡಬೇಕು' ಎಂಬ ಪ್ರಶ್ನೆಗಳು ಹೆಚ್ಚು. ಗ್ರಾಹಕರು ನಿಮ್ಮ ತಂಡದ ಹುಡುಗನಿಗೆ ನೇರವಾಗಿ ಫೋನು ಮಾಡಿ ಒಂದು ಸಣ್ಣ ಬದಲಾವಣೆ ಮಾಡಿಸಿಕೊಳ್ಳಲು ನೋಡುತ್ತಾರೆ ಎನ್ನಿ. ಒಪ್ಪುವುದೂ ತಪ್ಪು, ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದೂ ತಪ್ಪು, ಮೇಲಿನವರಿಗೆ ದೂರು ಒಯ್ಯುವುದೂ ತಪ್ಪು. ಆ ಬದಲಾವಣೆಯಿಂದ ಅವಧಿ, ಖರ್ಚು, ಗುಣಮಟ್ಟಗಳ ಮೇಲೆ ಆಗುವ ಪರಿಣಾಮವನ್ನು ಮೊದಲು ಅಳೆದು, ಬಳಿಕ ಬದಲಾವಣೆಯ ವಿನಂತಿಯಾಗಿ ತೀರ್ಮಾನಕ್ಕೆ ಒಯ್ಯಬೇಕು. ಬಹುಪಾಲು ಪ್ರಶ್ನೆಗಳಲ್ಲಿ ಮೊದಲು ತಿಳಿದುಕೊಳ್ಳುವ ಹೆಜ್ಜೆ ಬಂದು, ಆಮೇಲೆ ಕ್ರಮ ಕೈಗೊಳ್ಳುವ ಹೆಜ್ಜೆ ಬರುತ್ತದೆ.

ಉತ್ತರ (ಹೊನ್ನಾವರದಿಂದ)

ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆನಿಸಿತು. ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಅದರಿಂದ ಪರೀಕ್ಷೆಯ ತೂಕ ತಪ್ಪಾಗಿ ತೋರುತ್ತದೆ. 2021ರ ರೂಪರೇಖೆಯಲ್ಲಿಯೇ ಸುಮಾರು ಅರ್ಧ ಪ್ರಶ್ನೆಗಳು ಅಜೈಲ್ (ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಿ, ಆಗಾಗ ತೋರಿಸಿ ತಿದ್ದಿಕೊಳ್ಳುವುದು) ಅಥವಾ ಹೈಬ್ರಿಡ್ (ಅದನ್ನೂ ಹಳೆಯ ರೀತಿಯನ್ನೂ ಬೆರೆಸಿದ್ದು) ರೀತಿಯವು ಎಂದು ಪಿಎಂಐ ಸ್ಪಷ್ಟವಾಗಿ ಬರೆದಿದೆ. ನನ್ನ ಪ್ರಶ್ನೆಪತ್ರಿಕೆಯಲ್ಲಿ ಲೆಕ್ಕದ ಪ್ರಶ್ನೆಗಳು ಬೆರಳೆಣಿಕೆಯಷ್ಟೇ ಇದ್ದವು. ಬದಲಾವಣೆಯ ಅದೇ ಪ್ರಶ್ನೆ ಸ್ಕ್ರಮ್ ಎಂಬ ಅಜೈಲ್ ವಿಧಾನದ ತಂಡದ ಸಂದರ್ಭದಲ್ಲಿ ಬಂದರೆ ಉತ್ತರ ಬೇರೆಯಾಗುತ್ತದೆ: ಅದು ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯಾದ ಪ್ರಾಡಕ್ಟ್ ಬ್ಯಾಕ್‌ಲಾಗ್‌ಗೆ ಸೇರುತ್ತದೆ, ಅದರ ಸರದಿಯನ್ನು ಪ್ರಾಡಕ್ಟ್ ಓನರ್ ತೀರ್ಮಾನಿಸುತ್ತಾರೆ, ನಡೆಯುತ್ತಿರುವ ಸ್ಪ್ರಿಂಟಿನ (ಒಂದು ಕಂತಿನ ಕೆಲಸದ) ಗುರಿಯನ್ನು ಕೆಡಿಸುವುದಿಲ್ಲ. ಪ್ರಶ್ನೆ ಓದುವಾಗ ತಂಡ ಯಾವ ರೀತಿಯದು ಎಂಬುದನ್ನು ಮೊದಲು ಗುರುತಿಸಿಕೊಳ್ಳದಿದ್ದರೆ, ವಿಷಯ ಗೊತ್ತಿದ್ದೂ ತಪ್ಪು ಉತ್ತರಕ್ಕೆ ಗುರುತು ಹಾಕುತ್ತೀರಿ. 2001ರ ಅಜೈಲ್ ಪ್ರಣಾಳಿಕೆಯಲ್ಲಿರುವುದು 4 ಮೌಲ್ಯ, 12 ತತ್ತ್ವ, ಅಷ್ಟೆ. ಒಂದು ಬೆಳಿಗ್ಗೆ ಸಾಕು. ನಿತ್ಯ ಸಾಫ್ಟ್‌ವೇರ್ ತಂಡದಲ್ಲಿರುವ ನಿಮಗೆ ಇದು ಹೆಚ್ಚು ಹತ್ತಿರದ್ದಲ್ಲವೇ?

ಪ್ರಶ್ನೆ ಕೇಳಿದವರಿಂದ (ಶಿರಸಿ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಜೈಲ್ ಭಾಗ ನನ್ನ ದಿನದ ಕೆಲಸವೇ ಆದ್ದರಿಂದ ಅದರ ಭಯವಿಲ್ಲ, ಲೆಕ್ಕದಲ್ಲೇ ಸೋಲುತ್ತಿದ್ದೆ. ಪಾಗಾರದ ಲೆಕ್ಕವನ್ನು ಎರಡು ಸಲ ಕೈಯಾರೆ ಮಾಡಿದ ಮೇಲೆ ಮಾದರಿ ಪರೀಕ್ಷೆಯ ಆ ಭಾಗದ ಎಂಟರಲ್ಲಿ ಏಳು ಸರಿಯಾದವು.

ಫ್ಲೋಟ್ ಅಭ್ಯಾಸಕ್ಕೆ ನಮ್ಮ ಅಡಿಕೆ ತೋಟದ ಔಷಧಿ ಹೊಡೆಯುವ ಕೆಲಸವನ್ನು ಹಿಡಿದೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುಂಚೆ ಮೊದಲ ಸಲ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ಮರ ಹತ್ತಿ ಹೊಡೆಯುವ ಕೊನೆಗೌಡರು ಬರಲು 8 ದಿನ ಕಾಯಬೇಕು. ಪಂಪಿನ ರಿಪೇರಿಗೆ 3 ದಿನ, ಅದಾದ ಮೇಲೆ ಪೈಪು ಜೋಡಿಸಿ ನೋಡಲು 2 ದಿನ. ಮೈಲುತುತ್ತ, ಸುಣ್ಣ ತರಲು 1 ದಿನ. ಎಲ್ಲ ಕೂಡಿದ ಮೇಲೆ ಹೊಡೆಯಲು 4 ದಿನ. ಕೊನೆಗೌಡರ ದಾರಿ 12 ದಿನ, ಅದೇ ಕ್ರಿಟಿಕಲ್. ಪಂಪಿನ ದಾರಿ 9 ದಿನ. ಹಾಗಾಗಿ ರಿಪೇರಿಗೆ 3 ದಿನ ಫ್ಲೋಟ್, ಪೈಪಿಗೆ 3 ದಿನ ಫ್ಲೋಟ್, ಒಟ್ಟು 6 ದಿನ ನಿಧಾನಿಸಬಹುದು ಎಂದು ಬರೆದೆ. ಇದು ಸರಿಯೇ?

ರಿಸ್ಕ್ ಭಾಗವನ್ನೂ ಇದಕ್ಕೇ ಹೊಂದಿಸಿದೆ. ಕೊಳೆ ಬರಬಹುದು ಎಂಬುದು ರಿಸ್ಕ್, ಬಂದುಬಿಟ್ಟರೆ ಅದು ಇಶ್ಯೂ. ಔಷಧಿ ಹೊಡೆಯುವುದು ತೀವ್ರತೆ ತಗ್ಗಿಸುವ ಕ್ರಮ, ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುವುದು ವರ್ಗಾವಣೆ, ಔಷಧಿ ಹೊಡೆದ ಮೇಲೂ ಉಳಿಯುವ ಭಯ ಉಳಿಕೆ ರಿಸ್ಕ್.

ಉತ್ತರ (ಕಾರವಾರದಿಂದ)

ತಂಗಿ, ರಿಸ್ಕ್ ಭಾಗ ಸರಿಯಾಗಿದೆ. ಒಂದನ್ನು ಸೇರಿಸಿಕೊಳ್ಳಿ: ಎರಡನೆಯ ಸಲ ಹೊಡೆಯಬೇಕಾದೀತೆಂದು ತೆಗೆದಿಟ್ಟ ಹಣ ಕಂಟಿಂಜೆನ್ಸಿ ರಿಸರ್ವ್, ಅದು ಒಪ್ಪಿಗೆ ಪಡೆದ ಖರ್ಚಿನ ಲೆಕ್ಕವಾದ ಬೇಸ್‌ಲೈನಿನ ಒಳಗಿರುತ್ತದೆ, ಯಾರೂ ಊಹಿಸದ ಸಂಗತಿಗೆ ಯಜಮಾನರು ಇಟ್ಟುಕೊಂಡದ್ದು ಮ್ಯಾನೇಜ್‌ಮೆಂಟ್ ರಿಸರ್ವ್, ಅದು ಹೊರಗಿರುತ್ತದೆ.

ಫ್ಲೋಟಿನ ಲೆಕ್ಕ ತಪ್ಪಿದೆ, ಮತ್ತು ಈ ತಪ್ಪನ್ನು ಬಹಳ ಜನ ಮಾಡುತ್ತಾರೆ. 12ರಿಂದ 9 ಕಳೆದರೆ ಉಳಿಯುವ 3 ದಿನ ಇಡೀ ದಾರಿಗೆ ಸೇರಿದ್ದು, ಒಂದೊಂದು ಕೆಲಸಕ್ಕೂ ಬೇರೆಬೇರೆಯಾಗಿ ಕೊಟ್ಟದ್ದಲ್ಲ. ಒಂದೇ ಕೊಡದಲ್ಲಿರುವ ನೀರನ್ನು ಇಬ್ಬರು ತೋಡಿಕೊಳ್ಳುವುದು. ರಿಪೇರಿಯವನು 2 ದಿನ ತಡಮಾಡಿದರೆ ಪೈಪಿನವನಿಗೆ ಉಳಿಯುವುದು 1 ದಿನ ಮಾತ್ರ. ಇಬ್ಬರೂ ಮೂರು ಮೂರು ದಿನ ತೆಗೆದುಕೊಂಡರೆ ಕೊನೆಗೌಡರು ಬಂದು ಅಂಗಳದಲ್ಲಿ ಕುಳಿತು 3 ದಿನ ಕಾಯುತ್ತಾರೆ. ಫ್ರೀ ಫ್ಲೋಟ್ ಎಂಬುದನ್ನು ಪ್ರತ್ಯೇಕವಾಗಿ ಹೇಳುವುದು ಇದಕ್ಕಾಗಿಯೇ: ಮುಂದಿನ ಕೆಲಸವನ್ನು ಮುಟ್ಟದಂತೆ ತಡಮಾಡಬಹುದಾದ ದಿನಗಳು ಅವು. ನಿಮ್ಮ ಲೆಕ್ಕದಲ್ಲಿ ರಿಪೇರಿಯ ಟೋಟಲ್ ಫ್ಲೋಟ್ 3, ಫ್ರೀ ಫ್ಲೋಟ್ 0. ಪೈಪಿಗೆ ಎರಡೂ 3. ಮೈಲುತುತ್ತ ಮತ್ತು ಸುಣ್ಣ ತರುವ ಕೆಲಸಕ್ಕೆ ಎಷ್ಟು ಎಂಬುದನ್ನು ನೀವೇ ಬರೆದು ತಿಳಿಸಿ.

ಪ್ರಶ್ನೆ ಕೇಳಿದವರಿಂದ (ಶಿರಸಿ)

ಆ ದಾರಿ 1 ಮತ್ತು 4 ಸೇರಿ 5 ದಿನ. 12ರಿಂದ ಕಳೆದರೆ ಟೋಟಲ್ ಫ್ಲೋಟ್ 7. ಅದರ ಮುಂದಿನ ಕೆಲಸ ಔಷಧಿ ಹೊಡೆಯುವುದೇ ಆದ್ದರಿಂದ ಫ್ರೀ ಫ್ಲೋಟ್ ಕೂಡ 7. ಆದರೆ ಸಾಮಾನು ಬೇಗ ತಂದಿಟ್ಟರೂ ದ್ರಾವಣವನ್ನು ಮೊದಲೇ ಕದಡಿಡಲು ಬರುವುದಿಲ್ಲ, ಕೂಡಿಸಿದ ದಿನವೇ ಹೊಡೆದು ಮುಗಿಸಬೇಕು. ಹಾಗಾಗಿ ಕದಡುವ ಕೆಲಸವನ್ನು ಹೊಡೆಯುವ 4 ದಿನಗಳ ಒಳಗೇ, ಕಡ್ಡಾಯ ಅವಲಂಬನೆ ಎಂದು ತೋರಿಸಿದ್ದೇನೆ.

ಉತ್ತರ (ಕಾರವಾರದಿಂದ)

ಸರಿಯಾಗಿದೆ. ಈಗ ಕೊನೆಗೌಡರ ಬದಲು ನೆಲದಲ್ಲೇ ನಿಂತು ಉದ್ದನೆಯ ದೋಟಿಯಿಂದ ಹೊಡೆಯುವವರು 4 ದಿನಕ್ಕೇ ಸಿಕ್ಕರು, ಅವರಿಗೆ ಹೊಡೆಯಲು 5 ದಿನ ಬೇಕು ಎಂದು ಇಟ್ಟುಕೊಂಡು ಇಡೀ ಲೆಕ್ಕವನ್ನು ಮತ್ತೆ ಮಾಡಿ. ಕ್ರಿಟಿಕಲ್ ಪಾತ್ ಪಂಪಿನ ಕಡೆಗೆ ಹೊರಳಿ ಒಟ್ಟು 10 ದಿನ ಬರಬೇಕು. ಬಾರದಿದ್ದರೆ ಇಲ್ಲಿಯೇ ಬರೆಯಿರಿ.